ಮಳೆಗಾಲದ ಕೋವಿಗೆ ಯಾವ ಮರ?

ಈ ಅಂಕಣಕ್ಕೆ ಬರುವ ಕಾಗದಗಳು ಸಾಮಾನ್ಯವಾಗಿ ಅಡಿಗೆಮನೆ, ನಡುಮನೆಗಳ ಹೊಸ್ತಿಲು ದಾಟುವುದಿಲ್ಲ. ಕಲಾಯಿ ಹೋದ ಪಾತ್ರೆ, ಊರಿನಿಂದ ಲಾರಿಯಲ್ಲಿ ತರಿಸಿದ ರುಬ್ಬುವ ಕಲ್ಲು, ಗೆದ್ದಲು ಹತ್ತಿದ ಮಂದಾಸನ, ಇಂಥವೇ ಹೆಚ್ಚು. ಈ ಸಲ ಚಿಂಚವಡದ ಸೋದರಿಯೊಬ್ಬರು ಒಂದು ಕೋವಿಯ ವಿಷಯ ಬರೆದು ಕೇಳಿದ್ದಾರೆ. ಅದೂ ಕೋವಿಯ ಕಬ್ಬಿಣದ ವಿಷಯವಲ್ಲ, ಮರದ ವಿಷಯ. ಸಂಪಾದಕರು ಕಾಗದವನ್ನು ನನಗೆ ಕೊಡುವಾಗ ನಕ್ಕರು. ಓದಿದ ಮೇಲೆ ನನಗೆ ನಗು ಬರಲಿಲ್ಲ.

ಸೋದರಿಯ ತೌರು ವಿರಾಜಪೇಟೆಯ ಕಡೆ. ತಂದೆ ಸೈನ್ಯದಿಂದ ನಿವೃತ್ತರಾಗಿ ಬಂದು, ಆಗಿನ ಕಾಲದ ಪದ್ಧತಿಯಂತೆ ಬೇಟೆಗೆಂದು ಇಷಾಪುರದ .315 ರೈಫಲ್ ಒಂದನ್ನು ಕೊಂಡಿದ್ದರಂತೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು, ಕೋವಿ ಉಳಿಯಿತು. ಕೈಲ್ ಮುಹೂರ್ತದ ದಿನ ತೋಕ್ ಪೂವಿನಿಂದ ಸಿಂಗರಿಸಿ ಪೂಜೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ವರ್ಷದಲ್ಲಿ ಅದಕ್ಕಿರುವ ಕೆಲಸ ಇಷ್ಟೇ. ತಂದೆ ಈಗಿಲ್ಲ. ಕೋವಿ ಐನ್‌ಮನೆಯಲ್ಲಿ ಅಣ್ಣನ ವಶದಲ್ಲಿದೆ. ಎರಡು ವರ್ಷದಿಂದ ಗುಂಡು ಕಾಯಿಗೆ ತಗಲುತ್ತಿಲ್ಲ. ಮಾರ್ಚಿ ತಿಂಗಳಲ್ಲಿ ಪರೀಕ್ಷಿಸಿದರೆ ಗುರಿ ಸರಿಯಾಗಿಯೇ ಇರುತ್ತದೆ, ಸೆಪ್ಟೆಂಬರಿಗೆ ಎಲ್ಲಿಗೋ ಹೋಗುತ್ತದೆ. ಮುಂದಿನ ಮರದ ಹಿಂತುದಿಯಲ್ಲಿ ಒಂದು ಬಿರುಕೂ ಕಂಡಿದೆ.

ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತಮ್ಮ, ಅಮೆರಿಕದಲ್ಲಿ ಮಾರುವ ಕಪ್ಪು ಪ್ಲಾಸ್ಟಿಕ್ ಸ್ಟಾಕುಗಳ ಚಿತ್ರ ನೋಡಿ, "ಈ ಹಳೆಯ ಮರ ಕಿತ್ತುಹಾಕಿ ಇದನ್ನು ಕೂಡಿಸೋಣ, ಮಳೆಯೇನು, ಹೊಳೆಯಲ್ಲಿ ಮುಳುಗಿಸಿದರೂ ಏನಾಗದು" ಎಂದನಂತೆ. ಅಣ್ಣನವರು, "ಅಪ್ಪನ ಕೆನ್ನೆ ತಾಗಿ ನುಣುಪಾದ ಮರ ಅದು. ಅದಕ್ಕೆ ಪ್ಲಾಸ್ಟಿಕ್ ಹಾಕುವವನು ಐನ್‌ಮನೆಯ ಮೆಟ್ಟಿಲು ಹತ್ತಬೇಡ" ಎಂದರಂತೆ. ಕಳೆದ ಹಬ್ಬಕ್ಕೆ ತಮ್ಮ ಊರಿಗೆ ಹೋಗಲಿಲ್ಲ. "ಇಬ್ಬರೂ ನಮ್ಮ ಪತ್ರಿಕೆ ಓದುತ್ತಾರೆ. ಯಾರದು ಸರಿ ಎಂದು ನೀವೇ ಬರೆಯಿರಿ" ಎಂದು ಸೋದರಿಯ ಅಪ್ಪಣೆ.

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೋವಿ ಹಿಡಿದದ್ದು ಬಿ.ಎ. ಓದುವಾಗ ಎನ್.ಸಿ.ಸಿ.ಯಲ್ಲಿ, ಅದೂ .22 ರೈಫಲ್. ಆದರೆ ಕಚೇರಿಯಲ್ಲಿ ಎರಡು ವರ್ಷ ಆಯುಧ ಪರವಾನಗಿಯ ಮೇಜು ನನ್ನ ಪಾಲಿಗೆ ಬಂದಿತ್ತು. ಕೋವಿಯ ನಂಬರು, ನಳಿಗೆಯ ಅಳತೆ, ತಯಾರಕರ ಹೆಸರು ಬರೆದುಕೊಳ್ಳಲು ರಿಜಿಸ್ಟರಿನಲ್ಲಿ ಕಾಲಮ್ಮುಗಳಿದ್ದವು. ಮರಕ್ಕೆ ಕಾಲಮ್ಮು ಇರಲಿಲ್ಲ. ಆದರೆ ನವೀಕರಣಕ್ಕೆ ಬರುತ್ತಿದ್ದ ನಿವೃತ್ತ ಸುಬೇದಾರರು, ಎಸ್ಟೇಟಿನವರು, ರಿಪೇರಿ ಅಂಗಡಿಯವರು ಸಾಹೇಬರ ಸಹಿಗೆ ಕಾಯುತ್ತ ಕುಳಿತಾಗ ಮಾತಾಡುತ್ತಿದ್ದುದೆಲ್ಲ ಮರದ ವಿಷಯವೇ. ಸಹಿ ತಡವಾದಷ್ಟೂ ನನ್ನ ವಿದ್ಯೆ ಬೆಳೆಯಿತು. ನಮ್ಮ ಕಚೇರಿಯಲ್ಲಿ ಸಹಿ ಬೇಗ ಆಗುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲು ರೋಗ ಯಾವುದೆಂದು ನೋಡೋಣ. ಮುಂಬಯಿ ಪುಣೆಗಳಲ್ಲಿ ಬಾಡಿಗೆ ಮನೆ ಮಾಡಿದವರಿಗೆಲ್ಲ ಇದು ಗೊತ್ತು: ಮೇ ತಿಂಗಳಲ್ಲಿ ಗಾಳಿಗೆ ತಾನಾಗಿ ಬಡಿದುಕೊಳ್ಳುವ ಬಾಗಿಲು ಜುಲೈಯಲ್ಲಿ ಭುಜ ಕೊಟ್ಟು ನೂಕಿದರೂ ಮುಚ್ಚುವುದಿಲ್ಲ. ಬಾಗಿಲಿಗೆ ಮಳೆಯ ಹನಿ ತಗಲಿರುವುದಿಲ್ಲ. ಗಾಳಿಯ ತೇವವೇ ಸಾಕು. ಗಾಳಿಯ ತೇವ ನೂರಕ್ಕೆ 50ರಷ್ಟಿದ್ದರೆ ಮರದೊಳಗಿನ ನೀರು ಅದರ ಒಣತೂಕದ ನೂರಕ್ಕೆ 9ರ ಸುಮಾರಿಗೆ ನಿಲ್ಲುತ್ತದೆ. ತೇವ 90ಕ್ಕೆ ಏರಿ ಅಲ್ಲಿಯೇ ನಿಂತರೆ ಮರದ ನೀರು ನೂರಕ್ಕೆ 20ರ ಹತ್ತಿರ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಸುಮಾರು ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಅಲ್ಲಿ ಗೋಡೆಗೆ ತೂಗುಹಾಕಿದ ಕೋವಿಯ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದರಲ್ಲಿ ಇನ್ನೊಂದು ತೊಡಕಿದೆ. ಮರ ಉಬ್ಬುವುದು ಎಲ್ಲ ಕಡೆಗೂ ಒಂದೇ ಸಮನಾಗಿಯಲ್ಲ. ಅಮೆರಿಕದ ಕಪ್ಪು ಅಕ್ರೋಟು ಮರ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ, ಎಳೆಯ ದಿಕ್ಕನ್ನು ನೋಡಿಕೊಂಡು, ನೂರಕ್ಕೆ 5ರಿಂದ 8ರಷ್ಟು ಕುಗ್ಗುತ್ತದೆ. ಉದ್ದಕ್ಕೆ ನೂರಕ್ಕೆ ಕಾಲುಭಾಗವೂ ಕುಗ್ಗುವುದಿಲ್ಲ. ನೀರು ಕುಡಿದಾಗ ಉಬ್ಬುವುದೂ ಇದೇ ರೀತಿ. ಎಳೆಗಳು ಕೊಂಚ ಓರೆಯಾಗಿರುವ ಮರವಾದರೆ ಉಬ್ಬುವ ಬದಲು ತಿರುಚಿಕೊಳ್ಳುತ್ತದೆ. ಗುಂಡು ಹೊರಡುವಾಗ ನಳಿಗೆ ಮೀಟಿದ ತಂತಿಯಂತೆ ನಡುಗುತ್ತದೆ. ಆ ನಡುಕ ಪ್ರತಿ ಸಲವೂ ಒಂದೇ ಬಗೆಯಾಗಿದ್ದರೆ ಗುಂಡು ಒಂದೇ ಕಡೆಗೆ ಹೋಗುತ್ತದೆ. ಮರ ತಿರುಚಿ ನಳಿಗೆಯ ಒಂದು ಮಗ್ಗುಲನ್ನು ಒತ್ತಿತೆಂದರೆ ನಡುಕದ ಬಗೆ ಬದಲಾಗಿ ಗುರಿಯೂ ಸರಿಯುತ್ತದೆ.

ಅಂದಮೇಲೆ ಅಣ್ಣನವರ ಕೈಯಾಗಲಿ ಕಣ್ಣಾಗಲಿ ಕೆಟ್ಟಿಲ್ಲ. ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ 3ಕ್ಕೆ. ಮೂರು ತಿಂಗಳ ಮಳೆ ಕುಡಿದು ಮರ ಅತಿ ಹೆಚ್ಚು ಉಬ್ಬಿರುವ ಹೊತ್ತು ಅದೇ. ಮಾರ್ಚಿಯ ಒಣ ಮರಕ್ಕೆ ಹೊಂದಿಸಿದ ಗುರಿಯನ್ನು ಸೆಪ್ಟೆಂಬರಿನ ಹಸಿ ಮರ ಏಕೆ ಪಾಲಿಸಬೇಕು?

ಈ ಸಂಕಟ ಕೊಡಗಿಗೆ ಮಾತ್ರ ಬಂದದ್ದಲ್ಲ. 1966ರಲ್ಲಿ ಅಮೆರಿಕದ ಮೆರೀನ್ ದಳದವರು ವಿಯೆಟ್ನಾಮಿನ ಯುದ್ಧಕ್ಕೆ ರೆಮಿಂಗ್ಟನ್ 700 ಎಂಬ ಬೇಟೆ ರೈಫಲನ್ನೇ ಆಧಾರ ಮಾಡಿಕೊಂಡು ಎಂ-40 ಎಂಬ ಗುರಿಕಾರರ ರೈಫಲನ್ನು ಆರಿಸಿಕೊಂಡರು. ಸ್ಟಾಕು ಅಕ್ರೋಟು ಮರದ್ದು. ಅಮೆರಿಕದಲ್ಲಿ ಕೂದಲೆಳೆಯಂತೆ ಗುರಿ ಹೊಡೆದ ಕೋವಿಗಳು ವಿಯೆಟ್ನಾಮಿನ ಬಿಸಿ, ತೇವಗಳಲ್ಲಿ ಹಟ ಹಿಡಿದವು. ಮರ ಉಬ್ಬಿ ನಳಿಗೆಗೆ ಒತ್ತಿಕೊಳ್ಳುವುದು, ತಿರುಚುವುದು, ಎಲ್ಲ ಇದೇ ರೋಗ. ಮೆರೀನರ ಕಮ್ಮಟದವರು 1970ರ ದಶಕದಲ್ಲಿ ಆ ಮರವನ್ನು ಬಿಟ್ಟು ಮ್ಯಾಕ್‌ಮಿಲನ್ ಎಂಬವರ ಗಾಜುನಾರಿನ ಸ್ಟಾಕಿಗೆ ಬಂದರು. ಹೊಸ ರೈಫಲಿಗೆ ಎಂ-40-ಎ-1 ಎಂದು ಹೆಸರಾಯಿತು. ಬೇಟೆಗಾರರಿಗೂ ಅಂಥದೇ ಬೇಕೆನಿಸಿತು. ಇಂದು ಅಲ್ಲಿ ಅಂಗಡಿಗೆ ಹೋದವನಿಗೆ ಮರದ ಸ್ಟಾಕಿಗಿಂತ ಮೊದಲು ಕಾಣುವುದು ಕಪ್ಪು ಸ್ಟಾಕೇ.

ಆದರೆ ಕಪ್ಪಗಿರುವುದೆಲ್ಲ ಒಂದೇ ಅಲ್ಲ. ತಮ್ಮನಾದವನು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು.

ಅಗ್ಗದ್ದು ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್. ನಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಹೇಗೆ ಮಾಡುತ್ತಾರೋ ಹಾಗೆಯೇ, ಬಿಸಿ ದ್ರವವನ್ನು ಅಚ್ಚಿಗೆ ಒತ್ತಿ ತುಂಬಿ ತೆಗೆದದ್ದು. ಇದರ ವಂಶದ ಮೂಲಪುರುಷ ರೆಮಿಂಗ್ಟನ್ನಿನವರ ನೈಲಾನ್ 66, 1959ರದು, .22 ರೈಫಲ್. ಡ್ಯುಪಾಂಟ್ ಕಂಪನಿಯ ನೈಲಾನಿನ ಸ್ಟಾಕು. ಜನ ಮೊದಲು ನಕ್ಕರು. ಅದೇ ವರ್ಷ ಟಾಮ್ ಫ್ರೈ ಎಂಬ ಕಂಪನಿಯ ಗುರಿಕಾರ ಅಂಥ ರೈಫಲುಗಳಿಂದ ಗಾಳಿಗೆ ಎಸೆದ 1,00,010 ಮರದ ತುಂಡುಗಳಿಗೆ ಗುರಿಯಿಟ್ಟು ಆರನ್ನು ಮಾತ್ರ ತಪ್ಪಿದ. ಆಮೇಲೆ ನಗು ನಿಂತಿತು. ಹತ್ತು ಲಕ್ಷಕ್ಕೂ ಮೇಲೆ ಮಾರಾಟವಾದವು. ಆದರೆ .22ರ ಒದೆತ ಏನು ಮಹಾ! ದೊಡ್ಡ ಗುಂಡಿನ ಕೋವಿಗೆ ಹಾಕುವ ಅಗ್ಗದ ಪ್ಲಾಸ್ಟಿಕ್ ಸ್ಟಾಕಿನ ಮುಂಭಾಗ ಬಹಳ ಕಡೆ ಟೊಳ್ಳು. ಎಡಗೈಯಲ್ಲಿ ಹಿಡಿದು ಹಿಚುಕಿದರೆ ಬಾಗಿ ನಳಿಗೆಗೆ ತಾಗುತ್ತದೆ. ಮರವಾದರೆ ಮಳೆಗಾಲಕ್ಕೊಮ್ಮೆ ನಳಿಗೆಯನ್ನು ಒತ್ತುತ್ತಿತ್ತು, ಇದು ಹಿಡಿದಾಗಲೆಲ್ಲ ಒತ್ತುತ್ತದೆ. ನೀರು ತಡೆಯುವುದೇನೋ ನಿಜ, ನಾವು ನೀರು ತಡೆಯಬೇಕೆಂದದ್ದಾದರೂ ಗುರಿ ಕದಲದಿರಲೆಂದಲ್ಲವೆ? ಇನ್ನು ಹಿಡಿತ ಮೆತ್ತಗಿರಲೆಂದು ಮೇಲೆ ರಬ್ಬರಿನಂಥ ಲೇಪ ಕೊಟ್ಟವು ಬರುತ್ತವೆ. ನಮ್ಮ ಹವೆಯಲ್ಲಿ ಆ ಲೇಪ ಕೆಲವು ವರ್ಷಗಳಲ್ಲಿ ಬೆಲ್ಲದ ಪಾಕದಂತೆ ಜಿಗುಟಾಗುವುದುಂಟು. ಹಳೆಯ ಟಾರ್ಚು, ಕ್ಯಾಮೆರಾಗಳ ಹಿಡಿ ಹೀಗೆ ಅಂಟಾದದ್ದನ್ನು ನೋಡಿದವರಿಗೆ ತಿಳಿಯುತ್ತದೆ.

ಗಾಜುನಾರಿನ ಸ್ಟಾಕಿನ ಜಾತಿ ಬೇರೆ. ಗಾಜಿನ ನಾರುಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಅಚ್ಚಿನಲ್ಲಿ ಪದರಪದರವಾಗಿ ಕೈಯಿಂದ ಕೂಡಿಸುತ್ತಾರೆ. ಬಾಗದು, ಉಬ್ಬದು. ಮೆರೀನರು ಹೋದದ್ದು ಇದಕ್ಕೆ. ಬೆಲೆ ಮಾತ್ರ ಗುಮಾಸ್ತರು ಕೇಳುವಂಥದಲ್ಲ. ಇಂಗಾಲದ ನಾರಿನದು ಇನ್ನೂ ಹಗುರ, ಇನ್ನೂ ದುಬಾರಿ. ಬೆಟ್ಟ ಹತ್ತುವವನಿಗೆ ಹಗುರವಾದದ್ದು ವರ. ಆದರೆ ಕೋವಿ ಹಗುರವಾದಷ್ಟೂ ಹೆಗಲಿಗೆ ಒದೆತ ಜಾಸ್ತಿ.

ಇವೆರಡರ ನಡುವೆ ಇರುವುದು ಪದರ ಮರ. ಪ್ಲೈವುಡ್ಡಿನ ದಾಯಾದಿ. ಬರ್ಚ್ ಮುಂತಾದ ಮರದ ತೆಳ್ಳನೆಯ ಹಾಳೆಗಳನ್ನು ಅಂಟಿನೊಡನೆ ಒತ್ತಿ ಒಂದು ದಿಮ್ಮಿ ಮಾಡಿ, ಅದರಿಂದ ಸ್ಟಾಕು ಕಡೆಯುತ್ತಾರೆ. ಒಂದು ಹಾಳೆ ತಿರುಚಲು ಹೊರಟರೆ ಪಕ್ಕದ ಹಾಳೆ ಬಿಡುವುದಿಲ್ಲ, ಕೂಡುಕುಟುಂಬವಿದ್ದಂತೆ. ಜರ್ಮನರು ಎರಡನೆಯ ಮಹಾಯುದ್ಧದ ಮೌಸರ್ ರೈಫಲುಗಳಲ್ಲಿ ಇದನ್ನು ಲಕ್ಷಗಟ್ಟಲೆ ಬಳಸಿದರು. ಕೆನಡಾದ ಉತ್ತರದ ಹಿಮಪ್ರದೇಶಗಳನ್ನು ಕಾಯುವ ರೇಂಜರುಗಳು 1947ರಿಂದ ಹಿಡಿದು ಬಂದಿದ್ದ ಲೀ-ಎನ್‌ಫೀಲ್ಡ್ ರೈಫಲುಗಳಿಗೆ ಬದಲಾಗಿ 2018ರಿಂದ ಅವರಿಗೆ ಕೊಟ್ಟ ಸಿ-19 ರೈಫಲಿಗೂ ಪ್ಲಾಸ್ಟಿಕ್ಕಿನದಲ್ಲ, ಕೆಂಪು ಬಣ್ಣದ ಪದರ ಮರದ ಸ್ಟಾಕೇ. ಇದರ ದೋಷ ತೂಕ. ಮತ್ತೊಂದು ಮಾತು: ಪದರವಾದರೂ ಅದು ಮರವೇ. ಕಡೆದ ಭಾಗಕ್ಕೆಲ್ಲ ನೀರು ತಡೆಯುವ ಲೇಪ ಕೊಡದಿದ್ದರೆ ಅದೂ ನೀರು ಕುಡಿಯುತ್ತದೆ.

ಈಗ ಚಿಂಚವಡದ ಕಾಗದಕ್ಕೆ ಬರೋಣ. ಇಷಾಪುರದ .315 ಲೀ-ಎನ್‌ಫೀಲ್ಡಿನ ವಂಶದ್ದು. ನಮ್ಮ ಪೋಲೀಸರು ಬಹುಕಾಲ ಹೆಗಲಿಗೆ ಹಾಕಿಕೊಂಡು ತಿರುಗಿದ.303ರ ತಮ್ಮ. ಈ ವಂಶದ ಕೋವಿಗಳಲ್ಲಿ ಸ್ಟಾಕು ಒಂದೇ ಮರವಲ್ಲ. ಹೆಗಲಿಗೆ ಆನಿಸುವ ಬುಡ ಬೇರೆ, ನಳಿಗೆಯ ಕೆಳಗಿನ ಮುಂದಿನ ಮರ ಬೇರೆ, ನಡುವೆ ಕಬ್ಬಿಣ. ಅಮೆರಿಕದ ಅಂಗಡಿಗಳ ಒಳ್ಳೆಯ ಸ್ಟಾಕುಗಳು ಹೆಚ್ಚಾಗಿ ರೆಮಿಂಗ್ಟನ್ 700ರಂಥ, ಒಂದೇ ತುಂಡಿನ ಸ್ಟಾಕು ಕೂಡುವ ಕೋವಿಗಳಿಗೆ ಮಾಡಿದವು. ತಮ್ಮ ನೋಡಿದ ಚಿತ್ರ ಅಂಥದಾಗಿದ್ದರೆ ಈ ಕೋವಿಗೆ ಅದು ಕೂಡುವುದೇ ಇಲ್ಲ. ಅಣ್ಣತಮ್ಮಂದಿರು ಒಂದು ಹಬ್ಬವನ್ನು ಹಾಳುಮಾಡಿಕೊಂಡದ್ದು ಕೂಡದ ಸ್ಟಾಕಿಗಾಗಿ!

ಬಿರುಕಿನ ಜಾಗವೂ ಅರ್ಥವುಳ್ಳದ್ದು. ಈ ವಂಶದ ಕೋವಿ ಒದೆಯುವಾಗ ಆ ಒದೆತವನ್ನು ಮುಂದಿನ ಮರದ ಹಿಂತುದಿಯ ಎರಡು ಸಣ್ಣ ಮುಖಗಳು ಹೊರುತ್ತವೆ. ವರ್ಷವರ್ಷವೂ ಉಬ್ಬಿ ಕುಗ್ಗಿ, ಮೇಲಿನಿಂದ ಇಳಿದ ಎಣ್ಣೆಯಲ್ಲಿ ನೆಂದು ಮೆತ್ತಗಾದ ಆ ಮುಖಗಳು ಸವೆದರೆ ಒದೆತ ಸಮನಾಗಿ ಬೀಳದೆ ಮರ ಸೀಳುತ್ತದೆ. ಇದು ಈ ಮನೆತನದ ಹಳೆಯ ರೋಗ. ರಿಪೇರಿಯೂ ಅಷ್ಟೇ ಹಳೆಯದು: ಕೆಟ್ಟ ಭಾಗವನ್ನು ಕಡಿದು ಗಟ್ಟಿ ಮರದ ತುಂಡು ಕೂಡಿಸುವುದು, ಇಲ್ಲವೆ ಎಪಾಕ್ಸಿಯಿಂದ ಕಬ್ಬಿಣಕ್ಕೆ ಸರಿಯಾಗಿ ಕೂಡುವ ಹಾಸು ಮಾಡುವುದು. ಬಿರುಕಿರುವಾಗ ಗುಂಡು ಹಾರಿಸುವುದು ಬೇಡ. ಮುಂದಿನ ಹಬ್ಬದಲ್ಲಿ ಪೂಜೆಯಷ್ಟೇ ಸಾಕು.

ಇನ್ನು ತಂದೆಯವರ ಅಗಸೆ ಎಣ್ಣೆ. ವರ್ಷಕ್ಕೊಮ್ಮೆ ಅಂಗೈಯಿಂದ ತಿಕ್ಕುತ್ತಿದ್ದರೆಂದು ಸೋದರಿ ಬರೆದಿದ್ದಾರೆ. ಅಂಥ ಹೊಳಪು ಇನ್ನಾವುದರಿಂದಲೂ ಬಾರದು, ಒಪ್ಪಿದೆ. ಆದರೆ ಅಗಸೆ ಎಣ್ಣೆ ಹನಿ ನೀರನ್ನು ಕೊಂಚ ಜಾರಿಸೀತೇ ಹೊರತು ಗಾಳಿಯ ತೇವವನ್ನು ತಡೆಯುವುದರಲ್ಲಿ ಬಹಳ ದುರ್ಬಲ. ಅಲ್ಲದೆ ನಾವೆಲ್ಲ ತಿಕ್ಕುವುದು ಕಣ್ಣಿಗೆ ಕಾಣುವ ಹೊರಮೈಯನ್ನು. ಮರ ಹೆಚ್ಚು ನೀರು ಕುಡಿಯುವುದು ಎಳೆಗಳ ತುದಿ ತೆರೆದಿರುವಲ್ಲಿ, ಎಂದರೆ ಬುಡದ ತಗಡಿನ ಕೆಳಗೆ, ಮುಂದಿನ ಮರದ ಎರಡು ತುದಿಗಳಲ್ಲಿ. ಅಲ್ಲಿಯೂ ನಳಿಗೆ ಕೂಡುವ ಒಳಗಾಲುವೆಯಲ್ಲಿಯೂ ಯಾರೂ ತಿಕ್ಕುವುದಿಲ್ಲ. ಬಿಂದಿಗೆಯ ಹೊರಗೆ ಹುಣಿಸೆಹಣ್ಣು ಹಾಕಿ ತಿಕ್ಕಿ, ಒಳಗೆ ಪಾಚಿ ಬಿಟ್ಟಂತೆ. ಕಾಣದ ಈ ಜಾಗಗಳಿಗೆ ತೆಳುಮಾಡಿದ ಎಪಾಕ್ಸಿಯನ್ನೋ ಪಾಲಿಯುರಿಥೇನ್ ವಾರ್ನಿಷನ್ನೋ ಎರಡು ಮೂರು ಕೈ ಕೊಟ್ಟರೆ ತೇವದ ಓಟ ಬಹಳ ನಿಧಾನವಾಗುತ್ತದೆ. ಹೊರಮೈಯ ಹಳೆಯ ಎಣ್ಣೆಹೊಳಪು ಹೇಗಿದೆಯೋ ಹಾಗೆಯೇ ಇರಲಿ. ಕೆನ್ನೆ ತಾಗಿದ ನುಣುಪನ್ನು ಯಾರೂ ಕೆರೆಯಬೇಕಾಗಿಲ್ಲ.

ಆದ್ದರಿಂದ ನನ್ನ ತೀರ್ಪು: ಈ ಕೋವಿಗೆ ಪ್ಲಾಸ್ಟಿಕ್ ಬೇಡ. ಆದರೆ ಅಣ್ಣನವರು ಗೆದ್ದೆನೆಂದು ತಿಳಿಯಬಾರದು. ಏನನ್ನೂ ಮುಟ್ಟಕೂಡದೆಂಬ ಅವರ ಹಟವೇ ಇನ್ನೆರಡು ಮಳೆಗಾಲದಲ್ಲಿ ಆ ಮರವನ್ನು ಸೌದೆಯ ಪಾಲು ಮಾಡುತ್ತಿತ್ತು. ಮಳೆಯ ವಿಷಯದಲ್ಲಿ ತಮ್ಮ ಹೇಳಿದ್ದೇ ಸರಿ. ಮಳೆಯಲ್ಲಿಯೇ ಹೊತ್ತು ತಿರುಗಬೇಕಾದ ಕೋವಿಯಾಗಿದ್ದರೆ, ಅಮೆರಿಕದಲ್ಲೋ ಕೆನಡಾದಲ್ಲೋ ಕಾಡಿಗೆ ಹೋಗುವವನದಾಗಿದ್ದರೆ, ಗಾಜುನಾರನ್ನೋ ಪದರ ಮರವನ್ನೋ ಕೊಳ್ಳಿರೆಂದು ನಾನೂ ಹೇಳುತ್ತಿದ್ದೆ. ವರ್ಷಕ್ಕೊಂದು ಬೆಳಗ್ಗೆ ಅಂಗಳಕ್ಕಿಳಿಯುವ ಕೋವಿಗೆ ಅದು ಬೇಕಿಲ್ಲ. ಒಂದು ವೇಳೆ ಮುಂದಿನ ಮರ ರಿಪೇರಿಗೆ ಮೀರಿದ್ದರೆ ಆ ತುಂಡೊಂದನ್ನೇ ಚೆನ್ನಾಗಿ ಹದವಾದ ಕಾಶ್ಮೀರದ ಅಕ್ರೋಟಿನಲ್ಲಿ ಕಡೆಯಿಸಬಹುದು. ಕೆನ್ನೆ ತಾಗುವ ಬುಡ ಬೇರೆಯದೇ ತುಂಡಾದ್ದರಿಂದ ಅದು ತಂದೆಯವರದಾಗಿಯೇ ಉಳಿಯುತ್ತದೆ. ಎರಡು ತುಂಡಿನ ಸ್ಟಾಕಿನ ಲಾಭ ಇದು.

ಹಳೆಯ ಮೇಜಿನ ಅಭ್ಯಾಸ ಬಿಡದು, ಕಾಯಿದೆಯ ಮಾತನ್ನೂ ಹೇಳಲೇಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2019ರ ಕೇಂದ್ರದ ಆಜ್ಞೆಯಂತೆ ಅದರ ಅವಧಿ 2029ರ ಅಕ್ಟೋಬರ್ 31ರ ವರೆಗೆ. ಆದರೆ ಆ ವಿನಾಯಿತಿ 1959ರ ಆಯುಧ ಕಾಯಿದೆಯ 3 ಮತ್ತು 4ನೆಯ ಕಲಮುಗಳಿಗೆ, ಎಂದರೆ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೋವಿಯ ರಿಪೇರಿಗೆ ಪರವಾನಗಿ ಬೇಕೆನ್ನುವುದು 5ನೆಯ ಕಲಮು, ವಿದೇಶದಿಂದ ತರಿಸುವುದಕ್ಕೆ ಬೇಕೆನ್ನುವುದು 10ನೆಯದು, ಇವುಗಳಿಂದ ಬಿಡುಗಡೆಯಿಲ್ಲ. ಕಾಯಿದೆಯ ಅರ್ಥದಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. "ಬರಿಯ ಪ್ಲಾಸ್ಟಿಕ್ ತುಂಡು ತಾನೆ" ಎಂದು ಅಂಚೆಯಲ್ಲಿ ತರಿಸಿದರೆ ಕಸ್ಟಂಸಿನವರು ಹಾಗೆ ತಿಳಿಯುವುದಿಲ್ಲ. ಊರಿನ ಬಡಗಿ ಎಷ್ಟೇ ಜಾಣನಾಗಿರಲಿ, ಕೆಲಸ ಪರವಾನಗಿಯುಳ್ಳ ರಿಪೇರಿ ಅಂಗಡಿಯಲ್ಲಿಯೇ ಆಗಬೇಕು. ಕೋವಿಯನ್ನು ಒಪ್ಪಿಸುವಾಗ ನಂಬರು ಬರೆದ ರಸೀದಿ ಪಡೆಯುವುದನ್ನು ಮರೆಯಬೇಡಿ.

ಅಂಗಡಿಯವರಿಗೆ ಒಂದು ಮಾತು ನೆನಪು ಮಾಡಿಕೊಡಿ. ಬುಡದ ಒಳಗೆ ಉದ್ದಕ್ಕೆ ಒಂದು ದೊಡ್ಡ ಬೋಲ್ಟು ಇರುತ್ತದೆ; ಬೇಸಿಗೆಯಲ್ಲಿ ಮರ ಕುಗ್ಗಿ ಅದು ಸಡಿಲವಾಗುತ್ತದೆ. ಹಳೆಯ .303ರಲ್ಲಿ ಮುಂದಿನ ಮರವನ್ನು ಬಿಚ್ಚದೆ ಆ ಬೋಲ್ಟನ್ನು ತಿರುಗಿಸಿದರೆ ಮುಂದಿನ ಮರ ಸೀಳಿಹೋಗುತ್ತದೆ. ನಿಮ್ಮದರಲ್ಲಿಯೂ ಮೊದಲು ಮುಂದಿನ ಮರ, ಆಮೇಲೆ ಬೋಲ್ಟು, ಎಂದೇ ಹೇಳಿ. ತಿಳಿದವರಾದರೆ ನಕ್ಕು "ಗೊತ್ತು" ಎನ್ನುತ್ತಾರೆ. "ಹೌದೇ?" ಎಂದು ಕೇಳಿದರೆ ಕೋವಿಯನ್ನು ಹಿಂದಕ್ಕೆ ತೆಗೆದುಕೊಂಡು ಬನ್ನಿ.

ಕೆಲಸಕ್ಕೆ ಕೊಡುವ ಕಾಲ ಫೆಬ್ರವರಿ, ಮಾರ್ಚಿ. ಮರ ಒಣಗಿರುವಾಗಲೇ ಲೇಪ ಹಾಕಬೇಕು. ಹಸಿ ಮರಕ್ಕೆ ಬಳಿದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಬಿಸಿಲಿಗಿಟ್ಟು ಅವಸರದಿಂದ ಒಣಗಿಸುವುದೂ ಬೇಡ, ಬಿರುಕು ಬೆಳೆದೀತು. ಗುರಿಯನ್ನು ಮಾತ್ರ ಮಾರ್ಚಿಯಲ್ಲಿ ಹೊಂದಿಸಿ ಸುಮ್ಮನಾಗಬೇಡಿ. ಆಗಸ್ಟಿನ ಕೊನೆಯ ವಾರ ಮತ್ತೊಮ್ಮೆ ನೋಡಿ ಸರಿಮಾಡಿ. ಅದಕ್ಕೆ ಇಬ್ಬರು ಬೇಕು: ಒಬ್ಬ ಹೊಡೆಯುವವನು, ಒಬ್ಬ ಹಲಗೆಯ ತೂತು ನೋಡಿ ಹೇಳುವವನು. ಭೋಸರಿಯ ಕಾರ್ಖಾನೆಯಲ್ಲಿ ಆ ವಾರ ನಾಲ್ಕು ದಿನ ರಜ ಸಿಕ್ಕೀತೆಂದು ನಂಬಿದ್ದೇನೆ.

ಕಬ್ಬಿಣದ ಮಾತು ಒಂದೇ. ಸ್ಟಾಕು ಯಾವುದಾದರೂ ನಳಿಗೆಗೆ ತುಕ್ಕು ಹಿಡಿಯುವುದು ತಪ್ಪುವುದಿಲ್ಲ. ಗುಂಡಿಲ್ಲವೆಂದು ಎರಡು ಸಲ ನೋಡಿಕೊಂಡು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರಸಿ. ಎಣ್ಣೆ ಮರಕ್ಕೆ ಇಳಿಯದಂತೆ ನಳಿಗೆಯ ಬಾಯಿ ಕೆಳಗೆ ಮಾಡಿ ಕೊಂಚ ಹೊತ್ತು ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಡಿ, ಒಳಗೇ ಬೆವರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊರಗೋಡೆಯೂ ಬೇಡ. ನಡುಮನೆಯ ಒಳಗೋಡೆಯ ಬೀರುವಿನಲ್ಲಿ ಹತ್ತಿಬಟ್ಟೆ ಹೊದಿಸಿ ಬೀಗ ಹಾಕಿಡಿ. ಬೀಗದ ಕೈ ಅಣ್ಣನವರ ಹತ್ತಿರವೇ ಇರಲಿ.